ತೆಪ್ಪದಲ್ಲಿ ಒಂದು ದಿನ ಗಾಳ ಹಾಕಬೇಕಾ? ಮೊದಲು ಗಾಳಿ ನೋಡಿ

ಪ್ರಶ್ನೆ: ನಾವು ಬೆಂಗಳೂರಿನಲ್ಲಿದ್ದೇವೆ. ನಮ್ಮ ಸೋದರಮಾವ ಕೆಆರ್‌ಎಸ್ ಹಿನ್ನೀರಿನ ಪಕ್ಕದ ಹಳ್ಳಿಯಲ್ಲಿ ಮೀನು ಹಿಡಿಯುವ ಕೆಲಸ ಮಾಡುತ್ತಾರೆ. ಲೈಸೆನ್ಸ್ ಇದೆ, ಒಂದು ಫೈಬರ್ ತೆಪ್ಪ ಇದೆ. ಒಂದು ಭಾನುವಾರ ಮಾವ, ನಾನು, ಹತ್ತು ವರ್ಷದ ಮಗ ಮೂರು ಜನ ಬೆಳಗ್ಗೆಯಿಂದ ಸಂಜೆವರೆಗೆ ನೀರಿನ ಮೇಲೇ ಇದ್ದು ಗಾಳ ಹಾಕಬೇಕು ಅಂತ ಆಸೆ. ಕೆರೆ ದಡದಲ್ಲಿ ಕೂತು ಗಾಳ ಹಾಕಿ ಅಭ್ಯಾಸ ಇದೆ, ತೆಪ್ಪದಲ್ಲಿ ಇಲ್ಲ. ಯಾವ ತಿಂಗಳು ಒಳ್ಳೆಯದು? ಎರೆ ಏನು ಹಾಕಬೇಕು? ಬಿಳಿ ಮೀನು, ಅಂದರೆ ಮಹಶೀರ್, ಸಿಗುತ್ತದಾ? ಮಗನನ್ನು ಕರೆದುಕೊಂಡು ಹೋಗಬಹುದಾ?

ಉತ್ತರ: ಹೋಗಿ, ಖಂಡಿತ ಹೋಗಿ. ಆದರೆ "ಬೆಳಗ್ಗೆಯಿಂದ ಸಂಜೆವರೆಗೆ ನೀರಿನ ಮೇಲೇ" ಅನ್ನುವ ಮಾತನ್ನು ಮಾತ್ರ ಕೈಬಿಡಿ. ತೆಪ್ಪದಲ್ಲಿ ಮೀನು ಹಿಡಿಯುವ ದಿನದ ಲೆಕ್ಕ ಹಾಕಬೇಕಾದದ್ದು ಗಾಳಿ ನೋಡಿಕೊಂಡು. ಮೀನಿನ ಮಾತು ಆಮೇಲೆ. ಹಿನ್ನೀರಿನಲ್ಲಿ ದುಡಿಯುವ ಯಾರನ್ನು ಬೇಕಾದರೂ ಕೇಳಿ, ನಿಮ್ಮ ಮಾವನವರನ್ನೇ ಕೇಳಿ, ಅವರು ಬೆಳಗ್ಗೆ ಬಾಗಿಲು ತೆಗೆದ ತಕ್ಷಣ ನೋಡುವುದು ನೀರಿನ ಮೈ ಹೇಗಿದೆ, ಮರದ ಎಲೆ ಯಾವ ಕಡೆ ಅಲ್ಲಾಡುತ್ತಿದೆ ಅನ್ನುವುದನ್ನೇ.

ಕಾರಣ ಇದೆ. ಹಿನ್ನೀರು ಅಂದರೆ ದೊಡ್ಡ ಬಯಲು, ಗಾಳಿಗೆ ಅಡ್ಡ ಏನೂ ಇಲ್ಲ. ರಾತ್ರಿಯೆಲ್ಲ ನೆಲ ತಣ್ಣಗಾಗಿರುವುದರಿಂದ ಬೆಳಗಿನ ಜಾವ ಗಾಳಿ ಸಾಮಾನ್ಯವಾಗಿ ಕಡಿಮೆ. ಬಿಸಿಲೇರಿ ನೆಲ ಕಾದ ಮೇಲೆ, 10 ಗಂಟೆ 11 ಗಂಟೆ ಹೊತ್ತಿಗೆ ಗಾಳಿ ಏಳುತ್ತದೆ. ತೆರೆದ ನೀರಿನ ಮೇಲೆ ಅದು ಎಷ್ಟು ದೂರ ಬೀಸಿಕೊಂಡು ಬರುತ್ತದೋ ಅಲೆ ಅಷ್ಟು ದೊಡ್ಡದಾಗುತ್ತದೆ. ದೋಣಿಯಾದರೆ ಮೂತಿಯನ್ನು ಅಲೆಗೆ ಕೊಟ್ಟು ಸೀಳಿಕೊಂಡು ಹೋಗಬಹುದು. ತೆಪ್ಪಕ್ಕೆ ಮೂತಿಯೇ ಇಲ್ಲ ಅಲ್ವಾ? ದುಂಡಗೆ, ತಳ ಚಪ್ಪಟೆ, ಅಂಚು ಕಡಿಮೆ ಎತ್ತರ. ಗಾಳಿ ತಳ್ಳಿದ ಕಡೆಗೆ ಅಡ್ಡಡ್ಡ ಜಾರುತ್ತದೆ, ಜೊತೆಗೆ ಸುತ್ತುತ್ತದೆ. ಹುಟ್ಟು ಹಾಕುವವರ ಅರ್ಧ ಶಕ್ತಿ ಅದನ್ನು ನೆಟ್ಟಗೆ ಇಟ್ಟುಕೊಳ್ಳುವುದಕ್ಕೇ ಹೋಗುತ್ತದೆ. ನಿಧಾನದ ನೀರಿನಲ್ಲಿ ಇಷ್ಟು ಒಳ್ಳೆಯ ಸಾಧನ ಇನ್ನೊಂದಿಲ್ಲ, ಒಂದು ಮೊಳ ನೀರಿದ್ದರೂ ಸಾಕು ತೇಲುತ್ತದೆ, ಒಬ್ಬರೇ ತಲೆಯ ಮೇಲೆ ಹೊತ್ತು ನಡೆಯಬಹುದು. ಗಾಳಿ ಎದ್ದ ತೆರೆದ ನೀರು ಮಾತ್ರ ಅದರ ಜಾಗ ಅಲ್ಲ.

ಹಾಗಾಗಿ ದಿನವನ್ನು ಎರಡು ಭಾಗ ಮಾಡಿ. ಶನಿವಾರ ರಾತ್ರಿಯೇ ಮಾವನ ಮನೆಗೆ ಹೋಗಿ ಮಲಗಿ. ಭಾನುವಾರ ಬೆಳಕು ಹರಿಯುವ ಹೊತ್ತಿಗೆ ತೆಪ್ಪ ನೀರಿಗೆ ಇಳಿದಿರಲಿ. 9.30ಕ್ಕೆ, ತಡ ಅಂದರೆ 10ಕ್ಕೆ, ದಡಕ್ಕೆ ಬಂದುಬಿಡಿ. ಮೀನು ಕಚ್ಚುತ್ತಿದ್ದರೂ ಬನ್ನಿ. ಮಧ್ಯಾಹ್ನ ಊಟ, ನಿದ್ದೆ, ಬೇಕಿದ್ದರೆ ದಡದಲ್ಲೇ ಕೂತು ಗಾಳ ಹಾಕಿ. ಸಂಜೆ 4ರ ಮೇಲೆ ಗಾಳಿ ಇಳಿದಿದ್ದರೆ ಇನ್ನೊಂದು ಸಲ ಹೋಗಿ, ಕತ್ತಲಾಗುವ ಮೊದಲು ವಾಪಸ್. ಇಳಿದಿಲ್ಲವಾ, ಹೋಗಲೇಬೇಡಿ. ಇದರಿಂದ ನಿಮಗೆ ನಷ್ಟ ಏನೂ ಇಲ್ಲ. ಬಿಸಿಲು ನೆತ್ತಿಗೇರಿದಾಗ ಹೆಚ್ಚಿನ ಮೀನು ಆಳಕ್ಕೋ ನೆರಳಿಗೋ ಹೋಗುತ್ತವೆ, ಮೇವಿಗೆ ಅಂಚಿನ ಕಡೆ ಬರುವುದು ಮಂದ ಬೆಳಕಿನಲ್ಲೇ.

ಜಾಗ ಆರಿಸುವಾಗಲೂ ಇದೇ ಲೆಕ್ಕ. ಬೆಳಗ್ಗೆ ಗಾಳಿ ಇಲ್ಲದಾಗ ಎಲ್ಲ ಕಡೆಯೂ ಒಂದೇ ಥರ ಕಾಣುತ್ತದೆ. ನೀವು ಕೇಳಬೇಕಾದದ್ದು, ಈ ತಿಂಗಳಲ್ಲಿ ಗಾಳಿ ಎದ್ದಾಗ ಯಾವ ಕಡೆಯಿಂದ ಎದ್ದು ಬರುತ್ತದೆ ಅನ್ನುವುದು. ಮುಂಗಾರಿನಲ್ಲಿ ಪಶ್ಚಿಮದಿಂದ, ಚಳಿಗಾಲದಲ್ಲಿ ಹೆಚ್ಚಾಗಿ ಪೂರ್ವದ ಕಡೆಯಿಂದ. ಗಾಳಿ ಬರುವ ದಿಕ್ಕಿಗೇ ಹುಟ್ಟು ಹಾಕಿಕೊಂಡು ಹೋಗಿ ಕೂತರೆ, ಗಾಳಿ ಜಾಸ್ತಿಯಾದಾಗ ಅದೇ ನಿಮ್ಮನ್ನು ಮನೆ ಕಡೆ ತಳ್ಳುತ್ತದೆ. ಉಲ್ಟಾ ಮಾಡಿದರೆ, ಕೈ ಸೋತಿರುವಾಗ, ಬಿಸಿಲಿನಲ್ಲಿ, ಮಗು ಜೊತೆಗಿರುವಾಗ, ಎದುರು ಗಾಳಿಗೆ ಹುಟ್ಟು ಹಾಕಬೇಕಾಗುತ್ತದೆ. ಅಗಲದ ನೀರಿಗೆ ಹೋಗಲೇಬೇಡಿ. ಹಿನ್ನೀರು ಚಾಚಿಕೊಂಡಿರುವ ಕಿರುಕೊಲ್ಲಿಗಳಲ್ಲಿ, ದಡದಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿ ಇರಿ, ಮೀನು ಇರುವುದೂ ಅಲ್ಲೇ ಜಾಸ್ತಿ. ಅಣೆಕಟ್ಟೆಯ ಹತ್ತಿರ ನಿಷೇಧಿತ ಜಾಗಕ್ಕೆ ಹೋಗುವಂತಿಲ್ಲ. ಅಣೆಕಟ್ಟೆಯ ಕೆಳಗಿನ ಹೊಳೆಯೂ ಬೇಡ, ನೀರು ಬಿಟ್ಟಾಗ ಮಟ್ಟ ನೋಡನೋಡುತ್ತ ಏರುತ್ತದೆ.

ಈಗ ತಿಂಗಳು. ನನ್ನ ಆಯ್ಕೆ ಡಿಸೆಂಬರ್‌ನಿಂದ ಮಾರ್ಚ್ ಮಧ್ಯದವರೆಗೆ. ಜೂನ್, ಜುಲೈ, ಆಗಸ್ಟ್ ಮರೆತುಬಿಡಿ. ಗಾಳಿ ಒಂದು ಕಡೆ, ಇನ್ನೊಂದು ಕಡೆ ಅದು ಮೀನು ಮೊಟ್ಟೆ ಇಡುವ ಕಾಲ, ಮಳೆಗಾಲದಲ್ಲಿ ಜಲಾಶಯಗಳಲ್ಲಿ ಮೀನು ಹಿಡಿಯುವುದಕ್ಕೆ ತಡೆ ಇರುತ್ತದೆ. ಆ ವರ್ಷದ ದಿನಾಂಕವನ್ನು ತಾಲ್ಲೂಕಿನ ಮೀನುಗಾರಿಕೆ ಇಲಾಖೆ ಕಚೇರಿಯಲ್ಲಿ ಕೇಳಿ. ಕೇಳುವಾಗ ಇನ್ನೊಂದು ಮಾತೂ ಕೇಳಿಬಿಡಿ: ಲೈಸೆನ್ಸ್ ನಿಮ್ಮ ಮಾವನ ಹೆಸರಿನಲ್ಲಿದೆ, ನಿಮ್ಮ ಹೆಸರಿನಲ್ಲಿಲ್ಲ. ನೀವು ಗಾಳ ಹಾಕಲು ಏನು ಅನುಮತಿ ಬೇಕು ಅಂತ ಮೊದಲೇ ತಿಳಿದುಕೊಂಡರೆ ಅವರಿಗೆ ತೊಂದರೆ ಬರುವುದಿಲ್ಲ. ಅವರ ಹೊಟ್ಟೆಪಾಡು ಅದು. ಏಪ್ರಿಲ್, ಮೇ ತಿಂಗಳಲ್ಲಿ ಬೆಳಗಿನ ಹೊತ್ತು ಮೀನು ಚೆನ್ನಾಗಿಯೇ ಕಚ್ಚುತ್ತದೆ, ಆದರೆ ಮಧ್ಯಾಹ್ನದ ಮೇಲೆ ಭರಣಿ, ಕೃತ್ತಿಕೆ ಮಳೆಗಳು ಗುಡುಗು ಸಿಡಿಲಿನ ಜೊತೆ ಬರುತ್ತವೆ, ಹಾಗಾಗಿ ಸಂಜೆಯ ಸುತ್ತು ಬೇಡ. ಬಯಲು ನೀರಿನ ಮೇಲೆ ಎಲ್ಲಕ್ಕಿಂತ ಎತ್ತರ ಇರುವುದು ನೀವು ಮತ್ತು ನಿಮ್ಮ ಕೈಯಲ್ಲಿರುವ ಗಾಳದ ಕಡ್ಡಿ. ಈಗಿನ ಅಂಗಡಿ ಕಡ್ಡಿಗಳಲ್ಲಿ ಬಹಳಷ್ಟು ಕಾರ್ಬನ್‌ನವು, ಅವುಗಳಲ್ಲಿ ವಿದ್ಯುತ್ ಹರಿಯುತ್ತದೆ. ದೂರದಲ್ಲಿ ಗುಡುಗಿದ್ದು ಕಿವಿಗೆ ಬಿದ್ದರೂ ಕಡ್ಡಿ ಮಲಗಿಸಿ ದಡಕ್ಕೆ ಬನ್ನಿ.

ಹೋಗುವ ವಾರ ಪೇಪರಿನಲ್ಲಿ ಕೆಆರ್‌ಎಸ್ ಮಟ್ಟ ನೋಡುತ್ತಿರಿ. ಪೂರ್ತಿ ತುಂಬಿದರೆ 124.80 ಅಡಿ. ನಮಗೆ ಬೇಕಾಗಿರುವುದು ಆ ಸಂಖ್ಯೆ ಅಲ್ಲ, ಅದು ಏರುತ್ತಿದೆಯಾ, ನಿಂತಿದೆಯಾ, ಇಳಿಯುತ್ತಿದೆಯಾ ಅನ್ನುವುದು. ನೀರು ಏರಿ ಹುಲ್ಲುಗಾವಲು, ಹೊಲದ ಅಂಚು ಮುಳುಗಿದಾಗ ಗೆಂಡೆ ಮೀನುಗಳು ಮೊಣಕಾಲುದ್ದ ನೀರಿಗೂ ಬಂದು ಹುಳ ಹುಪ್ಪಟೆ ಹುಡುಕುತ್ತವೆ. ಮಟ್ಟ ಒಂದೇ ಕಡೆ ನಿಂತಿದ್ದರೆ ಮೀನು ಜಾಗ ಹಿಡಿದುಕೊಂಡು ಮೇಯುತ್ತದೆ, ಇದು ಒಳ್ಳೆಯ ವಾರ. ಬೇಗ ಇಳಿಯುತ್ತಿದ್ದರೆ ಮೀನು ಅಂಚು ಬಿಟ್ಟು ಹಳೆಯ ಹೊಳೆಯ ಹಾದಿಗೆ, ಹಳ್ಳದ ಗುಂಡಿಗೆ ಸರಿಯುತ್ತದೆ. ಆ ಹಾದಿ ಮಾವನವರಿಗೆ ಗೊತ್ತಿರುತ್ತದೆ. ನೀರು ಇಳಿದ ದಡದಲ್ಲಿ ಕೆಸರು ಮೇಲೆ ಒಣಗಿದಂತೆ ಕಂಡರೂ ಒಳಗೆ ಹಸಿ ಇರುತ್ತದೆ, ಮಗ ಓಡಿಹೋಗಿ ಕಾಲಿಟ್ಟಾನು, ಕೈ ಹಿಡಿದುಕೊಳ್ಳಿ.

ತೆಪ್ಪ ನಿಲ್ಲಿಸುವುದು ಒಂದು ಕಲೆ. ಒಂದೇ ಹಗ್ಗಕ್ಕೆ ಕಲ್ಲು ಕಟ್ಟಿ ಬಿಟ್ಟರೆ ತೆಪ್ಪ ಸುತ್ತುತ್ತಲೇ ಇರುತ್ತದೆ, ಮೂರು ಜನರ ದಾರ ಒಂದಕ್ಕೊಂದು ಹೆಣೆದುಕೊಳ್ಳುತ್ತದೆ. ಎರಡು ಕಲ್ಲು ಬೇಕು, ಎದುರು ಬದುರು. ಆಳ ಕಡಿಮೆ ಇದ್ದರೆ ಕೆಸರಿಗೆ ಗಳ ಚುಚ್ಚಿ ಅದಕ್ಕೆ ಕಟ್ಟಬಹುದು. ಹಗ್ಗ ಆಳಕ್ಕಿಂತ ಎರಡು ಮೂರು ಪಟ್ಟು ಉದ್ದ ಇರಲಿ, ಗಂಟು ಒಂದೇ ಎಳೆತಕ್ಕೆ ಬಿಚ್ಚುವಂಥದ್ದಾಗಿರಲಿ. ಗಾಳಿ ಬಂದಾಗ ಕಲ್ಲು ಎಳೆಯುತ್ತ ಕೂರುವುದು ಬೇಡ, ಹಗ್ಗ ಬಿಟ್ಟು ಹೊರಡಿ. ಬೇರೆಯವರ ಬಲೆಯ ಹತ್ತಿರ ನಿಲ್ಲಬೇಡಿ. ನೀರಿನ ಮೇಲೆ ಸಾಲಾಗಿ ಥರ್ಮಾಕೋಲ್ ತುಂಡೋ ಖಾಲಿ ಪ್ಲಾಸ್ಟಿಕ್ ಬಾಟಲಿಯೋ ತೇಲುತ್ತಿದ್ದರೆ ಕೆಳಗೆ ಬಲೆ ಇದೆ ಅಂತ ಅರ್ಥ. ಸಂಜೆ ಬಿಟ್ಟು ಬೆಳಗ್ಗೆ ಎತ್ತುತ್ತಾರೆ. ನಿಮ್ಮ ಗಾಳ ಅದಕ್ಕೆ ಸಿಕ್ಕಿಕೊಂಡರೆ ನಿಮ್ಮ ದಾರ ಕತ್ತರಿಸಿ, ಬಲೆ ಕತ್ತರಿಸಬೇಡಿ.

ಒಳಗೆ ಕೂತ ಮೇಲೆ ಒಂದೇ ನಿಯಮ: ಯಾರೂ ನಿಲ್ಲುವಂತಿಲ್ಲ. ಒಬ್ಬರು ಜಾಗ ಬದಲಿಸಬೇಕಾದರೆ ಹೇಳಿ, ಕೂತೇ ಜರುಗಿ, ಉಳಿದವರು ಎದುರು ಕಡೆ ವಾಲಿ. ದಡದಲ್ಲಿ ನೀವು ಮೀನು ಕಚ್ಚಿದ ತಕ್ಷಣ ಕಡ್ಡಿಯನ್ನು ತಲೆ ಮೇಲೆ ಎತ್ತಿ ಜಗ್ಗುತ್ತೀರಿ, ಆ ಅಭ್ಯಾಸ ಇಲ್ಲಿ ಬಿಡಬೇಕು. ಕಡ್ಡಿಯನ್ನು ಪಕ್ಕಕ್ಕೆ, ನೀರಿಗೆ ಸಮನಾಗಿ ಎಳೆಯಿರಿ. ಮೂರು ನಾಲ್ಕು ಕಿಲೋ ರೋಹು ಬಿದ್ದರೆ ಅದು ತೆಪ್ಪವನ್ನೇ ತನ್ನ ಕಡೆ ತಿರುಗಿಸುತ್ತದೆ. ತಿರುಗಲಿ ಬಿಡಿ, ಅದೂ ಮೀನಿಗೆ ಸುಸ್ತು ಮಾಡಿಸುತ್ತದೆ. ಮೀನು ತೆಪ್ಪದ ಅಡಿಗೆ ನುಗ್ಗಿದಾಗ ಮಾತ್ರ ಕಡ್ಡಿಯ ತುದಿಯನ್ನು ನೀರಿನೊಳಗೆ ಮುಳುಗಿಸಿ ಅಂಚಿನ ಸುತ್ತ ತನ್ನಿ, ಇಲ್ಲವಾದರೆ ಅಂಚಿಗೆ ಉಜ್ಜಿ ದಾರ ಹೋಗುತ್ತದೆ. ಎಲ್ಲರೂ ಒಂದೇ ಕಡೆ ಬಗ್ಗಿ ನೋಡಬೇಡಿ. ತೆಪ್ಪ ಮಗುಚುವುದು ಅಂಥ ಗಳಿಗೆಯಲ್ಲೇ. ಕೈಬಲೆ ಹಿಡಿಯುವವರು ಒಬ್ಬರೇ, ಅದು ಮಾವನವರು.

ಸಾಮಾನು ಜಾಸ್ತಿ ಬೇಡ. ಏಳು ಅಡಿಯ ಒಂದು ಕಡ್ಡಿ, ಸಾಧಾರಣ ರೀಲ್, 0.30 ಅಥವಾ 0.35 ಮಿಲಿಮೀಟರ್ ತಂಗೂಸಿ (ನೈಲಾನ್ ದಾರ), ಮಧ್ಯಮ ಮತ್ತು ಚಿಕ್ಕ ಗಾಳ, ಬೆಂಡು (ನೀರಿನ ಮೇಲೆ ತೇಲಿ ಮೀನು ಕಚ್ಚಿದ್ದನ್ನು ತೋರಿಸುವ ತುಂಡು), ಸೀಸದ ಗುಂಡು, ಮೂತಿ ಚೂಪಾದ ಇಕ್ಕಳ, ಚಾಕು. ಕೈದಾರದಲ್ಲಿ ಹಿಡಿಯುವುದಾದರೆ ತಂಗೂಸಿಯನ್ನು ಬೆರಳಿಗೆ ಸುತ್ತಿಕೊಳ್ಳಬೇಡಿ, ದೊಡ್ಡ ಮೀನು ಎಳೆದಾಗ ಚರ್ಮ ಸೀಳುತ್ತದೆ.

ಎರೆಗೆ ನಮ್ಮ ರಾಗಿಯನ್ನು ಮೀರಿಸಿದ್ದು ಇಲ್ಲ. ಕಾವೇರಿಯಲ್ಲಿ ಗಾಳ ಹಾಕಲು ದೂರ ದೇಶಗಳಿಂದ ಬರುತ್ತಿದ್ದವರೂ ರಾಗಿ ಉಂಡೆಯನ್ನೇ ಹಾಕುತ್ತಿದ್ದರು. ಊಟದ ಮುದ್ದೆಗಿಂತ ಗಟ್ಟಿಯಾಗಿ ಬೇಯಿಸಿ. ಬಿಸಿ ಇರುವಾಗಲೇ ಹುರಿದು ಪುಡಿ ಮಾಡಿದ ಕಡಲೆಕಾಯಿ ಹಿಂಡಿ ಸೇರಿಸಿ ಚೆನ್ನಾಗಿ ನಾದಿ. ಗಾಳದ ಮೇಲೆ ಒತ್ತಿದರೆ ಬಿರುಕು ಬಿಡಬಾರದು, ಬೆರಳಿಗೂ ಅಂಟಬಾರದು, ಅದು ಹದ. ಒದ್ದೆ ಬಟ್ಟೆಯಲ್ಲಿ ಸುತ್ತಿ ನೆರಳಲ್ಲಿ ಇಡಿ, ಒಣಗಿದರೆ ಕೆಟ್ಟಂತೆ. ಮೀನನ್ನು ಜಾಗಕ್ಕೆ ಕರೆಯಲು ತೌಡು, ಹಿಂಡಿ, ಸ್ವಲ್ಪ ಕೆಸರು ಕಲಸಿದ ಉಂಡೆ ಮೂರು ನಾಲ್ಕು ಹಾಕಿದರೆ ಸಾಕು. ಬುಟ್ಟಿಗಟ್ಟಲೆ ಸುರಿದರೆ ಮೀನು ಅದನ್ನೇ ತಿಂದು ಹೋಗುತ್ತದೆ, ನಿಮ್ಮ ಗಾಳದ ಕಡೆ ನೋಡುವುದಿಲ್ಲ. ಎರೆಹುಳ ಒಂದು ಡಬ್ಬಿ ಇರಲಿ.

ಇನ್ನು ಬೆಂಡು ನೋಡುವುದು. ನನಗೆ ಇಡೀ ದಿನದಲ್ಲಿ ಬಹಳ ಇಷ್ಟವಾದ ಕೆಲಸ ಇದು, ಮಗನಿಗೂ ಇದನ್ನೇ ಮೊದಲು ಕಲಿಸಿ. ಬೆಂಡು ಸುಮ್ನೆ ತಟತಟ ನಡುಗುತ್ತಿದ್ದರೆ ಅದು ಪಕ್ಕೆಯಂಥ ಸಣ್ಣ ಮೀನು ಅಥವಾ ಜಿಲೇಬಿ ಮೀನು (ತಿಲಾಪಿಯಾ), ಎರೆಯನ್ನು ಚೂರು ಚೂರು ಕೀಳುತ್ತಿದೆ. ಗಾಳ ಚಿಕ್ಕದು ಮಾಡಿ ಎರೆಹುಳ ಹಾಕಿ. ಎರಡು ಸಲ ಮೆಲ್ಲಗೆ ಕುಟ್ಟಿ, ಒಂದು ಗಳಿಗೆ ನಿಂತು, ಆಮೇಲೆ ಬೆಂಡು ಓರೆಯಾಗಿ ಜಾರಿಕೊಂಡು ಹೋದರೆ ರೋಹು ಇರಬಹುದು. ಎಳೆಯಬೇಕಾದದ್ದು ಜಾರುವಾಗ, ಕುಟ್ಟುವಾಗ ಅಲ್ಲ. ನೆಟ್ಟಗೆ ನಿಂತಿದ್ದ ಬೆಂಡು ಮುಳುಗುವ ಬದಲು ಮೇಲಕ್ಕೆದ್ದು ನೀರಿನ ಮೇಲೆ ಅಡ್ಡ ಬಿದ್ದರೆ ಕೈ ಸಿದ್ಧ ಮಾಡಿಕೊಳ್ಳಿ. ತಳದಲ್ಲಿ ಮೇಯುವ ಮೃಗಾಲ ಅಥವಾ ಸಾಮಾನ್ಯ ಗೆಂಡೆ ಎರೆಯನ್ನು ಬಾಯಲ್ಲಿಟ್ಟು ತಲೆ ಎತ್ತಿದೆ, ಸೀಸದ ಭಾರ ಅದರ ಬಾಯಿಗೆ ಹೋಗಿದೆ, ಬೆಂಡಿಗೆ ಭಾರ ಇಲ್ಲ, ಅದಕ್ಕೇ ಮಲಗುತ್ತದೆ. ಗೆಂಡೆ ಬರುವ ಮುಂಚೆ ನೀರಿನ ಮೇಲೆ ಸಣ್ಣ ಗುಳ್ಳೆಗಳ ಒಂದು ಸಾಲು ಮುಂದಕ್ಕೆ ಸರಿಯುತ್ತ ಬರುವುದು ಕಾಣುತ್ತದೆ, ಅದು ಕೆಸರು ಕೆದಕುತ್ತ ಬರುತ್ತಿರುವ ಗುರುತು. ಕಾಟ್ಲಾ ಮಾತ್ರ ತಳಕ್ಕೆ ಬರುವುದು ಕಡಿಮೆ. ಅದರ ಬಾಯಿ ಮೇಲ್ಮುಖ, ಮೇಲಿನ ನೀರಿನಲ್ಲಿ ತೇಲುವ ಸೂಕ್ಷ್ಮ ಜೀವಿಗಳನ್ನು ತಿನ್ನುತ್ತದೆ. ಅದಕ್ಕೆ ಎರೆಯನ್ನು ಮೇಲಿನ ಮೂರು ನಾಲ್ಕು ಅಡಿಯಲ್ಲಿ, ಮೆತ್ತಗೆ ಉದುರುವ ಹಾಗೆ ಕಟ್ಟಬೇಕು. ಗಾಳಿ ಬೀಸಿದ ಮೇಲೆ ಆ ತೇಲುವ ಮೇವೆಲ್ಲ ಗಾಳಿ ಹೋಗಿ ಬಡಿಯುವ ದಡಕ್ಕೆ ಸೇರುತ್ತದೆ, ಕಾಟ್ಲಾ ಅದರ ಹಿಂದೆ ಹೋಗುತ್ತದೆ. ಮಧ್ಯಾಹ್ನ ತೆಪ್ಪ ಕಟ್ಟಿ ದಡದಲ್ಲಿ ಕೂರುತ್ತೀರಲ್ಲ, ಆಗ ಕೂರಬೇಕಾದದ್ದು ಆ ದಡದಲ್ಲೇ.

ಜೊಂಡು, ಮುಳುಗಿದ ಬೊಡ್ಡೆ ಇರುವ ಕಡೆ ಕೊರವ ಇರುತ್ತದೆ. ಅದು ನೀರಿನ ಮೇಲೆ ಬಂದು ಗಾಳಿ ನುಂಗಿ ಹೋಗುವ ಮೀನು, ಆ "ಗುಳುಕ್" ಸದ್ದು ಕೇಳಿದರೆ ಜಾಗ ಗೊತ್ತಾಯಿತು. ಆದರೆ ನೀರಿನ ಮೇಲೆ ಕೆಂಪು ಕಿತ್ತಳೆ ಬಣ್ಣದ ಸಣ್ಣ ಮರಿಗಳ ಗುಂಪು ಒಟ್ಟಿಗೆ ಕುದಿಯುವಂತೆ ಏಳುತ್ತ ಮುಳುಗುತ್ತ ಇರುವುದು ಕಂಡರೆ ದಯವಿಟ್ಟು ಅಲ್ಲಿ ಗಾಳ ಹಾಕಬೇಡಿ. ಕೆಳಗೆ ತಾಯಿ ತಂದೆ ಕಾಯುತ್ತಿರುತ್ತವೆ. ಮರಿ ಕಾಯುವ ಸಿಟ್ಟಿನಲ್ಲಿ ಏನು ಹಾಕಿದರೂ ಕಚ್ಚುತ್ತವೆ, ಹಿಡಿಯುವುದು ಬಲು ಸುಲಭ. ಅವನ್ನು ಹಿಡಿದರೆ ಆ ಮರಿಗಳನ್ನೆಲ್ಲ ಬೇರೆ ಮೀನು ಮುಗಿಸುತ್ತವೆ. ಇದನ್ನು ನೋಡಿಯೂ ಹಿಡಿಯುವವರನ್ನು ಕಂಡರೆ ನನಗೆ ನಿಜವಾಗಿಯೂ ಸಂಕಟವಾಗುತ್ತದೆ.

ಬಿಳಿ ಮೀನಿನ ಆಸೆ ಇಟ್ಟುಕೊಂಡು ಇಲ್ಲಿಗೆ ಬರಬೇಡಿ. ಅದು ಬಂಡೆಗಳ ನಡುವೆ ಹರಿಯುವ ಹೊಳೆಯ ಮೀನು. ಕಾವೇರಿ ಕೊಳ್ಳದಲ್ಲಷ್ಟೇ ಇರುವ ಗೂನುಬೆನ್ನಿನ ಮಹಶೀರ್ 2018ರಿಂದ ಅಳಿವಿನಂಚಿನ ಅತಿ ಗಂಭೀರ ಪಟ್ಟಿಯಲ್ಲಿದೆ. ಒಂದು ಕಾಲದಲ್ಲಿ ಭೀಮೇಶ್ವರಿ, ಗಾಳಿಬೋರೆ, ದೊಡ್ಡಮಾಕಳಿ ಕಡೆ ಗಾಳ ಹಾಕಿ ಹಿಡಿದು ತೂಗಿ ವಾಪಸ್ ಬಿಡುತ್ತಿದ್ದರು. ಅದೆಲ್ಲ ಕಾವೇರಿ ವನ್ಯಧಾಮದ ಜಾಗ, ಅಲ್ಲಿ ಆ ಆಟ ನಿಂತು ಎಷ್ಟೋ ವರ್ಷವಾಯಿತು. ಅಪರೂಪಕ್ಕೆ ಮಹಶೀರ್ ಮರಿ ಎಲ್ಲಾದರೂ ಸಿಕ್ಕಿದರೆ ಕೈ ಒದ್ದೆ ಮಾಡಿಕೊಂಡು, ನೀರಿನಲ್ಲೇ ಗಾಳ ಬಿಡಿಸಿ, ಬಿಟ್ಟುಬಿಡಿ. ಫೋಟೋ ಬೇಡ. ಆಫ್ರಿಕನ್ ಕ್ಯಾಟ್‌ಫಿಶ್ ಸಿಕ್ಕಿದರೆ ಇದರ ಉಲ್ಟಾ. ಸಾಕುವುದಕ್ಕೇ ನಿಷೇಧ ಇರುವ ಮೀನು ಅದು, ನಮ್ಮ ಸಣ್ಣ ಮೀನನ್ನೆಲ್ಲ ತಿಂದುಹಾಕುತ್ತದೆ, ವಾಪಸ್ ನೀರಿಗೆ ಬಿಡಬೇಡಿ.

ಮಗನ ವಿಷಯ. ಕರೆದುಕೊಂಡು ಹೋಗಿ, ಆದರೆ ಲೈಫ್ ಜಾಕೆಟ್ ಇಲ್ಲದೆ ಬೇಡ. ಅವನ ತೂಕಕ್ಕೆ ಸರಿಯಾದ ಮಕ್ಕಳ ಜಾಕೆಟ್ ಬೆಂಗಳೂರಿನಲ್ಲೇ ಕೊಂಡು ಬನ್ನಿ. ಹಾಕಿ, ಭುಜದ ಹತ್ತಿರ ಹಿಡಿದು ಮೇಲಕ್ಕೆ ಎತ್ತಿ ನೋಡಿ, ಜಾಕೆಟ್ ಕಿವಿಯವರೆಗೆ ಜಾರಿದರೆ ಅದು ದೊಡ್ಡದಾಯಿತು. ತೊಡೆಸಂದಿಯ ಪಟ್ಟಿ ಇರುವುದು ಒಳ್ಳೆಯದು. ನೀವೂ ಹಾಕಿ, ಈಜು ಬಂದರೂ ಹಾಕಿ. ಮಾವ "ನಾನು ಹುಟ್ಟಿದಾಗಿಂದ ಇಲ್ಲೇ ಇದ್ದೀನಿ, ನನಗ್ಯಾಕೆ" ಅಂದರೂ ಅವರಿಗೂ ಒಂದು ತೊಡಿಸಿ, ಮೊಮ್ಮಗ ಹೇಳಿದರೆ ಹಾಕಿಕೊಳ್ಳುತ್ತಾರೆ. ತೆಪ್ಪದಲ್ಲಿ ಮೂರು ಜನಕ್ಕಿಂತ ಜಾಸ್ತಿ ಬೇಡ, ಕುಡಿತ ಬೇಡವೇ ಬೇಡ. ಎಲ್ಲಿಗೆ ಹೋಗುತ್ತೀರಿ, ಎಷ್ಟು ಹೊತ್ತಿಗೆ ಬರುತ್ತೀರಿ ಅಂತ ದಡದಲ್ಲಿ ಒಬ್ಬರಿಗೆ ಹೇಳಿ ಹೋಗಿ. ಮಗನ ಕೊರಳಿಗೆ ಒಂದು ಸೀಟಿ ಹಾಕಿ. ಹಿನ್ನೀರಿನಲ್ಲಿ ಮೊಸಳೆ ಇರುತ್ತವೆ, ಕೈಕಾಲು ನೀರಿಗೆ ಇಳಿಬಿಟ್ಟು ಕೂರುವುದು ಬೇಡ. ಹಿಡಿದ ಮೀನನ್ನು ಮೊದಲು ನೀವು ಮುಟ್ಟಿ. ಗಿರ್ಲು, ಚೇಳುಮೀನಿನ ಪಕ್ಕದ ಮುಳ್ಳು ಚುಚ್ಚಿದರೆ ವಿಪರೀತ ಉರಿ. ಚುಚ್ಚಿದರೆ ತಡೆದುಕೊಳ್ಳುವಷ್ಟು ಬಿಸಿ ನೀರಿನಲ್ಲಿ ಅದ್ದಿಟ್ಟರೆ ನೋವು ಇಳಿಯುತ್ತದೆ, ಮಗುವಿಗಾದರೆ ಆಸ್ಪತ್ರೆಗೂ ತೋರಿಸಿ.

ಅವನಿಗೆ ರೀಲ್ ಕೊಡಬೇಡಿ. ಆರಡಿಯ ಬಿದಿರು ಕಡ್ಡಿ, ಅಷ್ಟೇ ಉದ್ದದ ದಾರ, ಚಿಕ್ಕ ಗಾಳ, ಎರೆಹುಳ, ಹಗುರ ಬೆಂಡು. ಜೊಂಡಿನ ಅಂಚಿಗೆ ಕೂರಿಸಿದರೆ ಜಿಲೇಬಿ, ಪಕ್ಕೆ ಒಂದರ ಹಿಂದೆ ಒಂದು ಕಚ್ಚುತ್ತಿರುತ್ತವೆ. ನೀವು ದೊಡ್ಡ ರೋಹುಗೆ ಕಾಯುತ್ತ ಕೂರಿ, ಮಧ್ಯಾಹ್ನದ ಸಾರಿಗೆ ಮೀನು ಅವನು ಹಿಡಿಯುತ್ತಾನೆ. ಐಸ್ ಹಾಕಿದ ಡಬ್ಬಿ ಮರೆಯಬೇಡಿ, ಬಿಸಿಲಿನಲ್ಲಿ ಮೀನು ಬೇಗ ಕೆಡುತ್ತದೆ, ದಡಕ್ಕೆ ಬಂದ ತಕ್ಷಣ ಹೊಟ್ಟೆ ಸೀಳಿ ತೊಳೆದುಬಿಡಿ. ಕಡಿದ ತಂಗೂಸಿ ಚೂರುಗಳನ್ನು ಒಂದೂ ಬಿಡದೆ ಜೇಬಿಗೆ ಹಾಕಿಕೊಳ್ಳಿ, ಅಲ್ಲಿ ಬರುವ ನೀರುಕಾಗೆ ಬೆಳ್ಳಕ್ಕಿಗಳ ಕಾಲಿಗೆ ಸುತ್ತಿಕೊಳ್ಳುತ್ತವೆ.